ತಿರುವಿನಲ್ಲೂ ತುಂಡಾಗದ ಮಾತು

ಭೂಸೇನೆಯ ‘ಟಾರ್ನೆಡೋಸ್’ ತಂಡವು 2017ರ ನವೆಂಬರ್‌ನಲ್ಲಿ ಯಲಹಂಕದ ವಾಯುನೆಲೆಯಲ್ಲಿ 500 ಸಿಸಿಯ ಒಂದೇ ಬೈಕಿನ ಮೇಲೆ 58 ಮಂದಿ ಏರಿ ಸಾಗಿ ವಿಶ್ವದಾಖಲೆ ನಿರ್ಮಿಸಿತು. ಸಾಧನೆ ದೊಡ್ಡದೇ, ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ದಾರಿ ನೇರವಾಗಿತ್ತು, ಎದುರಿನಿಂದ ನೀರಿನ ಟ್ಯಾಂಕರ್ ಬರುತ್ತಿರಲಿಲ್ಲ, ಆ 58 ಮಂದಿಯಲ್ಲಿ ಯಾರೂ ಪಕ್ಕದ ಬೈಕಿನವನೊಡನೆ ಸೈಟಿನ ವ್ಯವಹಾರ ಮಾತನಾಡುತ್ತಿರಲಿಲ್ಲ. ಇಂಥ ಯಾವ ಅನುಕೂಲವೂ ಇಲ್ಲದೆ, ತಾಲೀಮೂ ಇಲ್ಲದೆ, ಎರಡು ಬೈಕುಗಳನ್ನು ಹ್ಯಾಂಡಲ್‌ಗೆ ಹ್ಯಾಂಡಲ್ ತಾಗುವಷ್ಟು ಹತ್ತಿರ ಜೋಡಿಸಿಕೊಂಡು ಹಡ್ಸನ್ ವೃತ್ತದ ತಿರುವನ್ನು ದಾಟುವ ಬೆಂಗಳೂರಿನ ನಾಗರಿಕರಿಗೆ ಮಾತ್ರ ಇದುವರೆಗೆ ಒಂದು ಪ್ರಶಸ್ತಿಪತ್ರವೂ ದೊರೆತಿಲ್ಲ.

ಈ ಜೋಡಿ ಸವಾರರನ್ನು ಗುರುತಿಸುವುದು ಸುಲಭ. ಇಬ್ಬರ ಮುಖವೂ ರಸ್ತೆಯ ಕಡೆಗಿರದೆ ಪರಸ್ಪರರ ಕಡೆಗಿರುತ್ತದೆ. ಮಾತು ಕೇಳಿಸಲೆಂದು ಹೆಲ್ಮೆಟ್ಟಿನ ಗಾಜು ಮೇಲೇರಿರುತ್ತದೆ (ಹೆಲ್ಮೆಟ್ ಮೊಣಕೈಯಲ್ಲಿ ನೇತಾಡುತ್ತಿದ್ದರೆ ಆ ಶ್ರಮವೂ ಇಲ್ಲ). ಹಿಂದಿನವರು ಹಾರನ್ ಒತ್ತಿದಷ್ಟೂ ಇವರ ದನಿ ಏರುತ್ತದೆ. “ಅದಕ್ಕೇ ಹೇಳಿದ್ದು ಮಗಾ, ಇ-ಖಾತಾ ನೋಡ್ಕೊಂಡು ಅಡ್ವಾನ್ಸ್ ಕೊಡು ಅಂತ” ಎಂಬ ಹಿತವಚನ ಟೌನ್‌ಹಾಲ್ ಬಳಿ ಆರಂಭವಾಗಿ, ಮುಗಿಯುವ ಮೊದಲೇ ತಿರುವು ಎದುರಾಗುತ್ತದೆ. ಒಬ್ಬನು ತುಸು ಹಿಂದೆ ಸರಿದರೆ ಸಾಕು. ಆದರೆ ಹೇಳುತ್ತಿರುವವನ ಮಾತನ್ನು ಅರ್ಧಕ್ಕೇ ಬಿಟ್ಟು ಹಿಂದುಳಿಯುವುದು ಮರ್ಯಾದಸ್ಥರ ಲಕ್ಷಣವೇ?

ತಿರುವಿನ ಲೆಕ್ಕಕ್ಕೆ ಇಂಥ ದಾಕ್ಷಿಣ್ಯವಿಲ್ಲ. ಎರಡು ಬೈಕುಗಳ ಚಕ್ರಗಳ ನಡುವೆ ಒಂದು ಮೀಟರ್ ಅಂತರವಿದ್ದರೆ, 90 ಡಿಗ್ರಿಯ ಯಾವುದೇ ತಿರುವಿನಲ್ಲಿ, ಅದು ಎಷ್ಟೇ ವಿಶಾಲವಾಗಿರಲಿ, ಹೊರಬದಿಯ ಸವಾರನು ಒಳಬದಿಯವನಿಗಿಂತ ಒಂದೂವರೆ ಮೀಟರಿಗೂ ತುಸು ಹೆಚ್ಚು ದೂರ ಸಾಗಬೇಕು. ಅಂದರೆ ಉಳಿದವರೆಲ್ಲ ವೇಗ ತಗ್ಗಿಸುವ ಜಾಗದಲ್ಲಿ ಈತ ಇ-ಖಾತಾದ ಸಲುವಾಗಿ ವೇಗ ಹೆಚ್ಚಿಸಲೇಬೇಕು. ಒಳಬದಿಯವನ ಪಾಡು ಇನ್ನೊಂದು ಬಗೆಯದು. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಸಾಗುವ ಬೈಕು ಸುಮಾರು 27 ಡಿಗ್ರಿ ವಾಲಬೇಕು. ಎಡಕ್ಕೆ ವಾಲಬೇಕಾದ ಬೈಕಿನ ಮುಂಚಕ್ರ ಮೊದಲು ಕ್ಷಣಮಾತ್ರ ಬಲಕ್ಕೆ, ಅಂದರೆ ಗೆಳೆಯನತ್ತಲೇ, ಹೊರಳುತ್ತದೆ. ನಡುವೆ ಜಲ್ಲಿ ಕಂಡು ಬೆದರಿ ಬೈಕನ್ನು ನೆಟ್ಟಗೆ ಮಾಡಿದನೋ, ಅದು ತಿರುವು ಬಿಟ್ಟು ನೇರವಾಗಿ ಹೊರಟು ಕಥೆ ಹೇಳುತ್ತಿರುವವನ ತೊಡೆಯನ್ನು ಸೇರುತ್ತದೆ. ನೇರ ರಸ್ತೆಯಲ್ಲಿ ಓರೆಸಾಲು, ತಿರುವಿನಲ್ಲಿ ಒಂಟಿಸಾಲು, ಮುಂದಿನವನಿಂದ ಎರಡು ಸೆಕೆಂಡಿನ ಅಂತರ ಎಂದು ಗುಂಪು ಸವಾರಿ ಕಲಿಸುವವರು ಹೇಳುತ್ತಾರೆ. ಇದೇ ವೇಗದಲ್ಲಿ ಎರಡು ಸೆಕೆಂಡ್ ಎಂದರೆ 20 ಮೀಟರ್. ಬೆಂಗಳೂರಿನಲ್ಲಿ 20 ಮೀಟರ್ ಖಾಲಿ ಬಿಟ್ಟವನ ಮುಂದೆ ಎರಡು ಆಟೋ, ಒಂದು ಟೆಂಪೊ, ನಾಲ್ಕು ಡೆಲಿವರಿ ಸ್ಕೂಟರುಗಳು ಬಂದು ನಿಲ್ಲುತ್ತವೆ. ಗೆಳೆಯ ಅಷ್ಟರಲ್ಲಿ ಮೈಸೂರು ಬ್ಯಾಂಕ್ ವೃತ್ತ ತಲುಪಿರುತ್ತಾನೆ.

ಈ ಕಲೆಯ ಶಿಖರವನ್ನು ಕಾಣಬೇಕೆಂದರೆ ಪೆಟ್ರೋಲ್ ಮುಗಿದ ಬೈಕನ್ನು ನೋಡಬೇಕು. ಅದರ ಒಡೆಯನು ಎಡಬದಿಯಲ್ಲಿ ನಿಶ್ಚಿಂತನಾಗಿ ಕುಳಿತಿರುತ್ತಾನೆ. ಉಪಕಾರಿಯು ಬಲಬದಿಯಲ್ಲಿ ತುಸು ಹಿಂದಿದ್ದು, ತನ್ನ ಎಡಗಾಲನ್ನು ಚಾಚಿ ಆ ಬೈಕಿನ ಹಿಂದಿನ ಫುಟ್‌ರೆಸ್ಟಿಗೆ ಆನಿಸಿ ತಳ್ಳುತ್ತ ಬರುತ್ತಾನೆ. ಗೇರು ಬದಲಿಸಬೇಕಾದ ಕಾಲೇ ಪರೋಪಕಾರಕ್ಕೆ ಸಂದಿರುವುದರಿಂದ ಹೊರಟ ಗೇರಿನಲ್ಲೇ ಪ್ರಯಾಣ. ಎಡ ತಿರುವಿನಲ್ಲಿ ಇಬ್ಬರೂ ವಾಲಿದಾಗ ಆ ಕಾಲು ಎರಡು ಗಾಡಿಗಳ ನಡುವೆ ಮಡಚಿಕೊಳ್ಳುತ್ತದೆ. ಬಲ ತಿರುವಿನಲ್ಲಿ ಅದು ಉದ್ದವಾಗುತ್ತ ಹೋಗಿ ಕೊನೆಗೊಮ್ಮೆ ಜಾರುತ್ತದೆ; ಆಗ ಎಡಬದಿಯ ಮಹಾಶಯನು ಇಂಜಿನ್ನೂ ಇಲ್ಲದೆ ಗೆಳೆಯನೂ ಇಲ್ಲದೆ ವೃತ್ತದ ನಟ್ಟನಡುವೆ ಕುಳಿತು, ಎದುರಿನ ರಸ್ತೆಗೆ ಸಿಗ್ನಲ್ ಹಸಿರಾಗುವುದನ್ನು ನೋಡುತ್ತಾನೆ. ಇಂಥ ಆತ್ಮೀಯತೆಗೆ ‘ಅಪಾಯಕಾರಿ ಚಾಲನೆ’ ಎಂಬ ಒರಟು ಹೆಸರಿಡಲು 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಅವಕಾಶವಿದೆ.

ಹರಟೆಗೆ ಹೇಳಿ ಮಾಡಿಸಿದಂತಿದ್ದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಹೀಗಾಗಿ ಆ ಮಾತೆಲ್ಲ ನಗರದ ತಿರುವುಗಳ ಪಾಲಿಗೇ ಬಂದಿದೆ.

ಜನವರಿಯಲ್ಲಿ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಹೊರಡುವ ಬೈಕ್ ಜಾಥಾಗಳಿಂದ ಏನಾದರೂ ಕಲಿಯೋಣವೆಂದರೆ, ಅಲ್ಲಿ ಬ್ಯಾನರಿನ ಎರಡು ಕೋಲುಗಳನ್ನು ಅಕ್ಕಪಕ್ಕದ ಬೈಕುಗಳ ಹಿಂಬದಿ ಸವಾರರು ಹಿಡಿದಿರುತ್ತಾರೆ. ಬಟ್ಟೆಯ ಅಗಲ ಹಿಗ್ಗುವುದಿಲ್ಲವಾದ್ದರಿಂದ ತಿರುವಿನಲ್ಲೂ ಅವರು ಅಗಲುವಂತಿಲ್ಲ. ಬ್ಯಾನರು ಉಬ್ಬಿ ಹಿಂದಿನ ಸಾಲಿನವರಿಗೆ ರಸ್ತೆಯನ್ನು ಮರೆಮಾಡಿದಾಗ ಸಂಚಾರ ಪೊಲೀಸರು ಎದುರಿನ ವಾಹನಗಳನ್ನು ತಡೆದು ದಾರಿ ಮಾಡಿಕೊಡುತ್ತಾರೆ. ದಿನವೂ ಮಾತನಾಡುತ್ತ ಸಾಗುವ ಜೋಡಿಗಳಿಗೆ ಇನ್ನೂ ಒದಗಿಸಿಲ್ಲದ ಸೌಲಭ್ಯ ಅದೊಂದೇ.