ಉತ್ತರ ಹೇಳದ ಲೈಫ್ ಕೋಚ್ ನಮಗೇಕೆ ಬೇಕು

ನಮ್ಮಲ್ಲಿ ಸಲಹೆಗೆ ಬರವಿಲ್ಲ. ಮಗ ಯಾವ ಕೋರ್ಸಿಗೆ ಸೇರಬೇಕು, ಸೊಸೆ ಕೆಲಸ ಬಿಡಬೇಕೇ, ಊರಿನ ಜಮೀನು ಮಾರಬೇಕೇ ಎಂಬ ಮಾತು ಮನೆಯಲ್ಲಿ ಎದ್ದರೆ ಸಾಕು, ಸೋದರಮಾವನಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರ ಬಳಿಯೂ ಉತ್ತರ ಸಿದ್ಧವಾಗಿರುತ್ತದೆ. ಅವರಲ್ಲಿ ಹೆಚ್ಚಿನವರು ನಮ್ಮ ಒಳಿತನ್ನೇ ಬಯಸುವವರು ಎಂಬುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ನಿರ್ಧಾರದ ಬಿಸಿ ಅವರಿಗೂ ತಟ್ಟುವುದರಿಂದ, ಅವರವರ ಆಸೆ ಮತ್ತು ಆತಂಕಗಳು ಸಲಹೆಯೊಳಗೆ ಸೇರಿಕೊಂಡೇ ಬರುತ್ತವೆ. ನಮ್ಮ ಆಯ್ಕೆಯಿಂದ ತನಗೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಒಬ್ಬರು ಒಂದು ಗಂಟೆ ಕೂತು ನಮ್ಮ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದು ಎಷ್ಟು ಅಪರೂಪ ಎಂಬುದನ್ನು ಬಲ್ಲವರಿಗೆ, ಪ್ರಶ್ನೆ ಕೇಳುತ್ತಲೇ ನಮ್ಮ ದಾರಿಯನ್ನು ನಾವೇ ಕಂಡುಕೊಳ್ಳಲು ನೆರವಾಗುವ ಲೈಫ್ ಕೋಚ್ ಬಳಿ ಹೋಗುವುದು ಹಣವಿದ್ದವರ ಶೋಕಿಯಾಗಿ ಕಾಣಲಾರದು.

ಈ ಪದ್ಧತಿಯ ಒಂದು ಮುಖ್ಯ ಬೇರು ಇರುವುದು ಟೆನಿಸ್ ಅಂಗಳದಲ್ಲಿ. ಅಮೆರಿಕದ ಟೆನಿಸ್ ತರಬೇತುದಾರ ತಿಮೋತಿ ಗಾಲ್ವೆ ಒಂದು ಸಂಗತಿಯನ್ನು ಗಮನಿಸಿದ್ದರು: ಮೊಣಕೈ ಹೀಗಿರಲಿ, ಕಾಲು ಹಾಗಿರಲಿ ಎಂದು ಹೇಳಿದಷ್ಟೂ ಕಲಿಯುವವರ ಆಟ ಬಿಗಿಯಾಗುತ್ತಿತ್ತು. ಅವರು ಸೂಚನೆಗಳನ್ನು ಕಡಿಮೆ ಮಾಡಿ, ಚೆಂಡು ನೆಲಕ್ಕೆ ಬಡಿದಾಗ ಒಂದು ಪದವನ್ನೂ ರ‍್ಯಾಕೆಟ್ಟಿಗೆ ತಾಗಿದಾಗ ಇನ್ನೊಂದು ಪದವನ್ನೂ ಗಟ್ಟಿಯಾಗಿ ಹೇಳುವಂತೆ ಕೇಳಿಕೊಂಡರು. ಗಮನವೆಲ್ಲ ಚೆಂಡಿನ ಮೇಲೆ ನೆಟ್ಟೊಡನೆ ಒಳಗಿನ ಟೀಕೆ ತಣ್ಣಗಾಗಿ ಹೊಡೆತ ತಾನಾಗಿ ಸುಧಾರಿಸುತ್ತಿತ್ತು. 1974ರಲ್ಲಿ ಅವರು ಪ್ರಕಟಿಸಿದ ಪುಸ್ತಕದಿಂದ ಪ್ರಭಾವಿತರಾದ ಬ್ರಿಟನ್ನಿನ ಜಾನ್ ವಿಟ್ಮೋರ್ ಮುಂದೆ ಅದೇ ವಿಚಾರವನ್ನು ಕಚೇರಿಗಳ ಒಳಗೆ ತಂದರು. ಗುರಿ ಏನು, ಈಗಿನ ಸ್ಥಿತಿ ಏನು, ದಾರಿಗಳು ಯಾವುವು, ಖಂಡಿತವಾಗಿ ಏನು ಮಾಡುತ್ತೀರಿ ಎಂಬ ನಾಲ್ಕು ಹಂತಗಳ ‘ಗ್ರೋ’ ಮಾದರಿ 1992ರ ಅವರ ಪುಸ್ತಕದ ಮೂಲಕ ಪ್ರಸಿದ್ಧವಾಯಿತು. ತನ್ನ ಬದುಕನ್ನು ಅರಿಯುವ ಶಕ್ತಿ ಆಯಾ ವ್ಯಕ್ತಿಯಲ್ಲೇ ಇದೆ ಎಂದು ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಇವರಿಗಿಂತ ಮೊದಲೇ ಪ್ರತಿಪಾದಿಸಿದ್ದರು.

ಇದು ನಡೆಯುವ ಬಗೆಯನ್ನು ನನ್ನ ಆಪ್ತರೊಬ್ಬರ ಅನುಭವದಿಂದ ಹೇಳುತ್ತೇನೆ. ಬರೆಯಲು ಅವರ ಒಪ್ಪಿಗೆಯಿದೆ. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಅವರಿಗೆ ಶಿವಮೊಗ್ಗದಿಂದ ಕಲಬುರಗಿಗೆ ವರ್ಗಾವಣೆಯ ಜೊತೆಗೆ ಬಡ್ತಿ ಬಂದಿತ್ತು. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಳು. ಗಂಡ ‘ನಿನ್ನಿಷ್ಟ’ ಎಂದಿದ್ದರು, ಅತ್ತೆ ಏನೂ ಹೇಳಿರಲಿಲ್ಲ, ತಂಗಿ ‘ಹೋಗಲೇಬೇಕು ಅಕ್ಕಾ’ ಎಂದು ಪಟ್ಟು ಹಿಡಿದಿದ್ದಳು. ಕೋಚ್ ಕೇಳಿದ್ದು ಇಷ್ಟೇ: “ಬಡ್ತಿ ಬೇಡವೆಂದು ಬರೆದುಕೊಟ್ಟು ಸಂಜೆ ಮನೆಗೆ ಬಂದಿದ್ದೀರಿ ಎಂದುಕೊಳ್ಳಿ. ಆಗ ನಿಮಗೆ ಏನನ್ನಿಸುತ್ತದೆ?” ಇವರು “ನಿರಾಳ ಅನ್ನಿಸುತ್ತದೆ” ಎಂದರು. ಕೋಚ್ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ನಂತರ ಇವರೇ, “ಆದರೆ ನನಗಿಂತ ಕಿರಿಯರು ಮ್ಯಾನೇಜರ್ ಆಗಿ ಬಂದ ದಿನ ನನ್ನ ಸಿಟ್ಟೆಲ್ಲ ಮಗಳ ಮೇಲೆ ತಿರುಗುತ್ತದೇನೋ ಎಂದು ಹೆದರಿಕೆ” ಎಂದರು. ಅದುವರೆಗೆ ಆ ಮಾತನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ. “ಮಗಳ ಜೊತೆ ಮಾತನಾಡಿದ್ದೀರಾ?” ಎಂಬುದು ಮುಂದಿನ ಪ್ರಶ್ನೆ. ಎಲ್ಲರ ಅಭಿಪ್ರಾಯ ಕೇಳಿದ್ದವರು ಮಗಳನ್ನು ಮಾತ್ರ ಕೇಳಿರಲಿಲ್ಲ. ಆ ರಾತ್ರಿ ತಾಯಿ ಮಗಳು ತುಂಬಾ ಹೊತ್ತು ಮಾತನಾಡಿದರು. ಪರೀಕ್ಷೆ ಮುಗಿಯುವ ತನಕ ಅಜ್ಜಿಯ ಜೊತೆ ಇರುತ್ತೇನೆ, ದಿನವೂ ರಾತ್ರಿ ವಿಡಿಯೊ ಕಾಲ್ ಮಾಡಬೇಕು ಎಂದು ಷರತ್ತು ಹಾಕಿದವಳು ಮಗಳೇ.

ಅವರು ಕಲಬುರಗಿಗೆ ಹೋದರು. ಬಡ್ತಿ ಬಿಟ್ಟುಕೊಟ್ಟಿದ್ದರೂ ಆ ಸಂವಾದದ ಬೆಲೆ ನನ್ನ ದೃಷ್ಟಿಯಲ್ಲಿ ಕಡಿಮೆಯಾಗುತ್ತಿರಲಿಲ್ಲ. ತಂಗಿಯ ಒತ್ತಾಯಕ್ಕೆ ಹೋಗಿದ್ದರೆ, ಅಲ್ಲಿ ಮೊದಲ ಕಷ್ಟ ಎದುರಾದ ದಿನವೇ ತಂಗಿಯನ್ನು ದೂರುವುದು ಸುಲಭವಾಗುತ್ತಿತ್ತು. ತಾವೇ ಆಲೋಚಿಸಿ ತೆಗೆದುಕೊಂಡ ನಿರ್ಧಾರವಾದ್ದರಿಂದ ಬಾಡಿಗೆ ಮನೆಯ ಹುಡುಕಾಟ, ಬೇಸಿಗೆಯ ಆ ಬಿಸಿಲು, ಹೊಸ ಶಾಖೆಯ ಒತ್ತಡ ಎಲ್ಲವನ್ನೂ ಅವರು ತಮ್ಮದೆಂದೇ ನಿಭಾಯಿಸಿದರು. ಕೋಚ್‌ಗೆ ಅವರ ಮನೆಯ ಒಳಹೊರಗು ತಿಳಿದಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಅದನ್ನು ಬಲ್ಲವರು ಎದುರಿಗೇ ಕೂತಿದ್ದರು.

ಎಲ್ಲ ನೋವಿಗೂ ಇದು ಮದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕು. ವಾರಗಟ್ಟಲೆ ನಿದ್ದೆಯಿಲ್ಲದವರು, ಬದುಕೇ ಬೇಡವೆನ್ನಿಸುತ್ತಿರುವವರು, ಹಳೆಯ ಆಘಾತದಿಂದ ನರಳುತ್ತಿರುವವರು ಹೋಗಬೇಕಾದದ್ದು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿಗೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಒಳ್ಳೆಯ ಕೋಚ್ ಇಂಥವರನ್ನು ತಾವಾಗಿಯೇ ಅಲ್ಲಿಗೆ ಕಳುಹಿಸುತ್ತಾರೆ.

ನಮ್ಮ ದೇಶದಲ್ಲಿ ಲೈಫ್ ಕೋಚ್ ಎಂದು ಬೋರ್ಡ್ ಹಾಕಿಕೊಳ್ಳಲು ಪರವಾನಗಿ ಬೇಕಿಲ್ಲದ ಕಾರಣ ಆಯ್ಕೆಯ ಹೊಣೆ ನಮ್ಮದೇ. 1995ರಲ್ಲಿ ಅಮೆರಿಕದಲ್ಲಿ ಆರಂಭವಾದ, ಕೋಚ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಸಿಎಫ್ ಸಂಸ್ಥೆ ಮೂರು ದರ್ಜೆಯ ಪ್ರಮಾಣಪತ್ರ ಕೊಡುತ್ತದೆ. ಮೊದಲ ದರ್ಜೆಗೇ ತರಬೇತಿಯ ಜೊತೆ 100 ಗಂಟೆಗಳ ಕೋಚಿಂಗ್ ಅನುಭವ ಬೇಕು, ಎರಡನೆಯದಕ್ಕೆ 500 ಗಂಟೆ. ಅದನ್ನು ವಿಚಾರಿಸಿ, ಶುಲ್ಕವನ್ನೂ ಗೋಪ್ಯತೆಯ ನಿಯಮವನ್ನೂ ಮೊದಲೇ ಮಾತನಾಡಿಕೊಳ್ಳಿ. ಆಮೇಲೆ ಮೊದಲ ಭೇಟಿಯಲ್ಲಿ ಹೆಚ್ಚು ಮಾತನಾಡಿದವರು ಯಾರೆಂದು ಗಮನಿಸಿ. ಇಡೀ ಗಂಟೆ ಕೋಚ್ ತಮ್ಮ ಸಾಧನೆಯನ್ನೇ ಹೇಳಿ, ಕೊನೆಗೆ ‘ನೀವೂ ಹೀಗೇ ಮಾಡಿ’ ಎಂದರೆ, ದಯವಿಟ್ಟು ಎರಡನೆಯ ಭೇಟಿಗೆ ಹಣ ಕಟ್ಟಬೇಡಿ.