ಮನೆಯೊಳಗಿನ ಬೈಗುಳ ಕೋರ್ಟಿನ ಮೆಟ್ಟಿಲೇರಬೇಕೆ?

ಪರ

ಮೈಮೇಲೆ ಗಾಯವಿದ್ದರೆ ಮಾತ್ರ ಕೇಸು ಎಂದು ನಂಬಿದವರು ಈಗಲೂ ಇದ್ದಾರೆ. ಠಾಣೆಯಲ್ಲಿ ಕೂತವರಲ್ಲೂ ಇದ್ದಾರೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ಬೈಗುಳ, ಮೂದಲಿಕೆ, ಅವಮಾನಗಳನ್ನು ಹೆಸರಿಸಿಯೇ ಹಿಂಸೆ ಎಂದಿದೆ. ಮಕ್ಕಳಾಗಿಲ್ಲ, ಗಂಡು ಹೆತ್ತಿಲ್ಲ ಎಂದು ಹಂಗಿಸುವುದನ್ನಂತೂ ಬಿಡಿಸಿ ಹೇಳಿದೆ. ಹಂಗಿಸಿದ್ದು ಅತ್ತೆಯಾದರೂ ವಿನಾಯಿತಿಯಿಲ್ಲ: ಪ್ರತಿವಾದಿ ‘ವಯಸ್ಕ ಪುರುಷ’ನೇ ಆಗಿರಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿತು.

ದೂರು ಸೋಲುವುದು ಬರೆಯುವಾಗಲೇ. ‘ಬಾಯಿಗೆ ಬಂದಂತೆ ಬೈದರು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಕರ್ನಾಟಕದಲ್ಲಿ ಸಿಡಿಪಿಒ, ಅಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಈ ಕಾಯ್ದೆಯಡಿ ರಕ್ಷಣಾಧಿಕಾರಿ. ಅವರು ತುಂಬುವ ಕೌಟುಂಬಿಕ ಘಟನಾ ವರದಿಯಲ್ಲಿ, ಅಂದರೆ ಡಿಐಆರ್‌ನಲ್ಲಿ, ಆಡಿದ ಮಾತು ಆಡಿದ ಹಾಗೆಯೇ ಬರಬೇಕು, ಎಷ್ಟೇ ಹೊಲಸಾಗಿರಲಿ. ಯಾವ ದಿನ, ಯಾರೆದುರು ಎಂಬುದೂ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬೈದಿದ್ದರೆ ಸ್ಕ್ರೀನ್‌ಶಾಟ್ ನೆಚ್ಚಿ ಕೂರಬೇಡಿ. ಸಂದೇಶ ಅಳಿಸದೆ ಆ ಫೋನನ್ನೇ ಜೋಪಾನ ಮಾಡಿ. ಆಮೇಲೆ 12ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ವಕೀಲರ ಫೀಸಿಗೆ ದುಡ್ಡಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ.

ಬೈದವನನ್ನು ಅಂದೇ ಜೈಲಿಗೆ ಹಾಕುವುದಿಲ್ಲ. ಮೊದಲು ಹಿಂಸೆ ನಿಲ್ಲಿಸು ಎನ್ನುವ ರಕ್ಷಣಾ ಆದೇಶ. ಅದನ್ನು ಮೀರಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಷ್ಟು ಮೆತ್ತಗಿನ ಕಾಯ್ದೆಗೂ ‘ಸಂಸಾರ ಒಡೆಯುತ್ತೆ’ ಎಂದು ಎದೆ ಬಡಿದುಕೊಳ್ಳುವವರಿಗೆ, ಸಂಸಾರ ಕೆಟ್ಟದ್ದು ದೂರು ಕೊಟ್ಟ ದಿನವೇ ಎಂದು ಕಾಣುತ್ತದೇನೋ!

ವಿರೋಧ

ಕಾಯ್ದೆಯೇ ಬೇಡ ಎನ್ನಲು ನನ್ನಿಂದಾಗದು. ಆದರೆ ‘ಸಾರಿಗೆ ಉಪ್ಪಿಲ್ಲ’ ಎಂದು ರೇಗಿದ್ದಕ್ಕೂ ಡಿಐಆರ್ ಬರೆಯಲು ಕೂತರೆ ಸಿಡಿಪಿಒ ಅಂಗನವಾಡಿಗಳನ್ನು ನೋಡಿಕೊಳ್ಳುವುದು ಯಾವಾಗ? ಮೊದಲ ವಿಚಾರಣೆಯಿಂದ 60 ದಿನದೊಳಗೆ ಅರ್ಜಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾನೂನು. ಎದುರಿನವರು ವಾಯಿದೆ ಮೇಲೆ ವಾಯಿದೆ ಕೇಳಿದರೆ ಅದು ಎಲ್ಲಿಗೋ ಹೋಗುತ್ತದೆ. ಅಲ್ಲಿಯವರೆಗೆ ಇಬ್ಬರಿಗೂ ಅದೇ ಅಡುಗೆಮನೆ. ನಾದಿನಿ ಸಾಕ್ಷಿ ಹೇಳುತ್ತಾಳೆಯೇ?

ಠಾಣೆಗೆ ಹೋದರೂ ಅಷ್ಟೆ. ಕೆಣಕುವ ನಿಂದನೆ ಭಾರತೀಯ ನ್ಯಾಯ ಸಂಹಿತೆಯ 352ರಡಿ ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ ಮಾಡಿ, ಹಿಂಬರಹ ಕೊಟ್ಟು ಕಳಿಸುತ್ತಾರೆ. ಆ ಸಿಟ್ಟಿಗೆ ಅದೇ ಸಂಹಿತೆಯ 85ನೇ ಸೆಕ್ಷನ್ (ಗಂಡ, ಅವನ ಸಂಬಂಧಿಕರ ಕ್ರೌರ್ಯ) ಹಾಕಿಸಿ ಬೇರೆ ಊರಲ್ಲಿರುವ ಭಾವ, ಓರಗಿತ್ತಿಯರನ್ನೂ ಎಳೆದರೆ, ಯಾರು ಏನೆಂದರು ಎಂಬ ವಿವರವಿಲ್ಲದ ಆರೋಪ ಹೈಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ನಿಜವಾಗಿ ಬೈದವನ ಮೇಲಿನ ಕೇಸೂ ಸಡಿಲವಾಗುತ್ತದೆ. ಅದಕ್ಕಿಂತ ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ನೊಂದ ಮಹಿಳೆಯರ ನೆರವಿಗಿರುವ ಸಖಿ ಕೇಂದ್ರದಲ್ಲಿ ಆಪ್ತ ಸಮಾಲೋಚನೆಗೆ ಕೂರುವುದು ವಾಸಿ. ಅಲ್ಲಿಗೆ ಗಂಡ ಬರಲೇಬೇಕೆಂಬ ಕಟ್ಟಳೆಯಿಲ್ಲ, ಅದೂ ನಿಜವೇ.