ಮೆರಿಟ್ ಮಾವ ಊರಿಗೆ ಬಂದರು

ಸಿಇಟಿ ರಿಸಲ್ಟ್ ಬಂದ ದಿನ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಮೆರಿಟ್ ಸಾಯುತ್ತದೆ. ಪ್ರತಿ ವರ್ಷ ತಪ್ಪದೆ ಸಾಯುತ್ತದೆ. ಕಪ್ಪು ಬಣ್ಣದ ಪಟ, ಮೂಲೆಯಲ್ಲಿ ಹಣತೆ, ಕೆಳಗೆ ‘ಮೀಸಲಾತಿಗೆ ಬಲಿಯಾದ ಪ್ರತಿಭೆಗೆ ಭಾವಪೂರ್ಣ ಶ್ರದ್ಧಾಂಜಲಿ’. ಕಳಿಸುವವರು ಬೆಂಗಳೂರಿನ ನಮ್ಮ ಮಾವ. ಹನ್ನೊಂದನೇ ದಿನದ ಊಟ ಮಾತ್ರ ಇದುವರೆಗೂ ಹಾಕಿಸಿಲ್ಲ.

ಆ ಮಾವ ಹೋದ ವಾರ ಬಳ್ಳಾರಿಗೆ ಬಂದಿದ್ದರು. ಊರು ಬಿಟ್ಟು ಮೂವತ್ತು ವರ್ಷವಾಯಿತು. ಮದುವೆ ಮುಂಜಿಗೆ ಬಂದರೂ ಕಂಕುಳಲ್ಲಿ ನೀರಿನ ಬಾಟಲಿ. ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿಯೇ ಕೂರುವವರು. “ಏನ್ ಧೂಳಪ್ಪಾ, ಮನುಷ್ಯರು ಇರೋ ಊರಾ ಇದು?” ಈ ಸಲ ಒಗ್ಗರಣೆ ಮಿರ್ಚಿ ಕೇಳಿ ಹಾಕಿಸಿಕೊಂಡು ತಿಂದರು. ಕೋಟೆ ಗುಡ್ಡ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಮಿರ್ಚಿ ಖಾರಕ್ಕೂ ಇರಬಹುದು.

ಆಮೇಲೆ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಅವರ ಹೈಸ್ಕೂಲ್ ಟಿಸಿ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದೆ, ಹಿಂದೆ ಸೆಲ್ಲೋಟೇಪ್. ‘ಹುಟ್ಟಿದ ಸ್ಥಳ’ ಎಂಬಲ್ಲಿ ಶಾಯಿ ಮಾಸಿ ‘ಬ’ ಒಂದೇ ಉಳಿದಿದೆ. ಅದರ ತಲೆಯೂ ಸರಿಯಾಗಿ ಕಾಣುತ್ತಿಲ್ಲ. ಯಾರಾದರೂ ‘ಬೆ’ ಅಂತ ಓದಿ ಬೆಂಗಳೂರು ಮಾಡಿಬಿಟ್ಟರೆ? ಮಾವನಿಗೆ ಅದೇ ಚಿಂತೆ.

ಮಗಳು ಬರುವ ವರ್ಷ ಪರೀಕ್ಷೆ ಬರೆಯುತ್ತಾಳೆ. ಸಂವಿಧಾನದ 371ಜೆ ವಿಧಿಯ ಸರ್ಟಿಫಿಕೇಟ್, ಅಂದರೆ ಈ ಭಾಗದವರು ಎಂಬ ಚೀಟಿ ಬೇಕು. ಗೊತ್ತೇ ಇದೆಯಲ್ಲ, ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಇಲ್ಲಿಯವರಿಗೆ. ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲೂ 8 ಪರ್ಸೆಂಟ್.

“ಮಾವ, ಇದೂ ಮೀಸಲಾತಿನೇ ಅಲ್ವಾ?”

“ಏ ಅಳಿಯಾ, ಅದೇ ಬೇರೆ, ಇದೇ ಬೇರೆ. ಇದು ನಮ್ಮ ಹಕ್ಕು.”

ಸರಿ. ನಿಘಂಟು ಮಾಡುವವರು ಗುರುತು ಹಾಕಿಕೊಳ್ಳಲಿ.

ಮಾವನ ದೊಡ್ಡ ಮಗ ಡಾಕ್ಟರು. ಎನ್‌ಆರ್‌ಐ ಸೀಟು. ಹುಡುಗ ಅಲ್ಲಿಯವರೆಗೆ ತಿರುಪತಿ ಆಚೆ ಕಾಲಿಟ್ಟವನಲ್ಲ. ಅಮೆರಿಕದಲ್ಲಿ ಯಾರದೋ ಷಡ್ಡಕ ಇದ್ದ, ಸಾಕಾಯಿತು. ಈ ಕೋಟಾವನ್ನು ಪಂಜಾಬ್ ಸರ್ಕಾರ ಅತ್ತೆ, ಮಾವ, ಅಜ್ಜ, ಅಜ್ಜಿಯರ ತನಕ ಹಿಗ್ಗಿಸಲು ಹೋಗಿ, 2024ರಲ್ಲಿ ಸುಪ್ರೀಂ ಕೋರ್ಟಿನಿಂದ ‘ಇದು ವಂಚನೆ’ ಎಂದು ಬೈಸಿಕೊಂಡಿತು. ಆ ದಿನ ಗ್ರೂಪಿನಲ್ಲಿ ಮೆರಿಟ್ ಆರಾಮವಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಡಾಕ್ಟರರ ಸ್ನಾತಕೋತ್ತರ ಪರೀಕ್ಷೆ ನೀಟ್ ಪಿಜಿಯ ಕಟಾಫನ್ನು ಎಲ್ಲಾ ವರ್ಗಕ್ಕೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರಲ್ಲ, ಆಗಲೂ ಒಂದು ಕೆಮ್ಮು ಕೂಡ ಬರಲಿಲ್ಲ. ಸೊನ್ನೆ ಅಂದರೆ ಪರೀಕ್ಷೆಗೆ ಕೂತು ಎದ್ದವರೆಲ್ಲ ಅರ್ಹರು, ಮೈನಸ್ ಅಂಕದವರೂ ಸೇರಿ. ಸೀಟು ಖಾಲಿ ಉಳಿದಿದ್ದವು ನೋಡಿ. ಫೀಸು ಕಟ್ಟುವ ತಲೆ ಬೇಕು.

ಹಾಗೆ ನೋಡಿದರೆ ಬಳ್ಳಾರಿಗೆ ಈ ಜಗಳ ಹೊಸದಲ್ಲ. 1953ರ ಅಕ್ಟೋಬರ್ ತನಕ ನಾವು ಮದ್ರಾಸಿನವರು. ಅಲ್ಲಿಯ ಕಮ್ಯುನಲ್ ಜಿ.ಓ., ಅಂದರೆ ಜಾತಿವಾರು ಸೀಟು ಹಂಚುವ ಸರ್ಕಾರಿ ಆದೇಶದಲ್ಲಿ ಪ್ರತಿ 14 ಸೀಟಿಗೆ ಒಂದು ಲೆಕ್ಕ: ಬ್ರಾಹ್ಮಣೇತರರಿಗೆ 6, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಹೀಗೆ ಎಲೆ ಹಾಕಿ ಬಡಿಸಿದಂತೆ. ಚಂಪಕಂ ದೊರೈರಾಜನ್ ಎಂಬಾಕೆ ಅನ್ಯಾಯವೆಂದು ಕೋರ್ಟಿಗೆ ಹೋದರು. 1951ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಆ ತೀರ್ಪಿನ ಮೇಲೆ ಸಂವಿಧಾನಕ್ಕೆ ಮೊದಲ ತಿದ್ದುಪಡಿಯೇ ಬಂತು. ತಮಾಷೆ ಅಂದರೆ, ಆಕೆ ಮೆಡಿಕಲ್ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ! ನಮ್ಮ ಮಾವ ಹಾಗಲ್ಲ. ಅರ್ಜಿ ವಿಷಯದಲ್ಲಿ ಬಹಳ ಶಿಸ್ತು. ರಾಯಚೂರು, ಕೊಪ್ಪಳ ನಿಜಾಮನ ಕೈಯಲ್ಲಿದ್ದವು, ಅದಕ್ಕೇ ಇವತ್ತಿನ ಕಲ್ಯಾಣ ಕರ್ನಾಟಕಕ್ಕೆ ಮೊದಲು ಹೈದರಾಬಾದ್ ಕರ್ನಾಟಕ ಅಂತ ಹೆಸರು ಬಂತು. ಮದ್ರಾಸಿನ ಬಳ್ಳಾರಿ ಆಮೇಲೆ ಆ ಪಟ್ಟಿಗೆ ಸೇರಿತು. ಮಾವ ಮಾತ್ರ ಮೂರು ದಿನದಿಂದ ನಿಜಾಮ ತಮಗೆ ಕೊಟ್ಟ ಕಷ್ಟ ಹೇಳುತ್ತಿದ್ದಾರೆ.

ಕಚೇರಿಯ ಸಾಲಿನಲ್ಲಿ ನಮ್ಮ ಮುಂದೆ ಸಿರುಗುಪ್ಪ ಕಡೆಯ ಅಪ್ಪ, ಮಗಳು. ಹುಡುಗಿಯ ಕೈಯಲ್ಲೂ ಅಂಥದೇ ಪ್ಲಾಸ್ಟಿಕ್ ಕವರ್. ಮಾವ ಆ ಅಪ್ಪನನ್ನು ಕೇಳಿದ ಮೊದಲ ಮಾತು, “ನಿಮ್ದು ಯಾವ ಕೆಟಗರಿ?”

“ಕೂಲಿ ಸಾರ್,” ಅಂದ ಆತ. “ಈಗ ನಾಟಿಗೆ ಹೋಗ್ತೀವಿ.”

ನಗಬಹುದಿತ್ತು. ನನಗೆ ನಗು ಬರಲಿಲ್ಲ. ಆ ಹುಡುಗಿಯ ಕಾಲೇಜಿಗೆ ದೀಪಾವಳಿ ತನಕ ಫಿಸಿಕ್ಸ್ ಮೇಷ್ಟ್ರೇ ಬಂದಿರಲಿಲ್ಲವಂತೆ. ಮಾವನ ಮಗಳ ಕೋಚಿಂಗಿಗೆ ಒಂದು ಸೈಟು ಹೋಯಿತೆಂದು ಅತ್ತೆಯೇ ಹೇಳಿದ್ದರು. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ. ಸೈಟು ಮಾರಿ ತಂದ ಅಂಕಕ್ಕೆ ಪ್ರತಿಭೆ ಅಂತೀರಿ, ಮೇಷ್ಟ್ರಿಲ್ಲದೆ ತೆಗೆದ ಅಂಕಕ್ಕೆ ಭಿಕ್ಷೆ ಅಂತೀರಿ. ಈಗ ಈ ಭಾಗದ ಹೆಸರಿನ ಸೀಟಿಗೂ ಆಕೆ ಮಾವನ ಮಗಳ ಎದುರೇ ಓಡಬೇಕು. ಪ್ರಾದೇಶಿಕ ಅಸಮತೋಲನ ಅಳೆಯಲು ಕೂತ ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕು ಹಿಂದುಳಿದಿವೆ ಎಂದು ಬರೆದುಕೊಟ್ಟಿತ್ತು. ಅತ್ಯಂತ ಹಿಂದುಳಿದ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಆಗ ಈ ಹುಡುಗಿ ಹುಟ್ಟೇ ಇರಲಿಲ್ಲ. ಇವತ್ತಿಗೂ ಮೇಷ್ಟ್ರು ದೀಪಾವಳಿಗೇ ಬರುತ್ತಾರೆ. ಸಾಕಾಗಿ ಹೋಗಿದೆ ಕಣ್ರೀ.

ಸಾಲು ಮುಂದೆ ಸರಿಯಿತು. ಮಾವ ಟಿಸಿಯನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಕಿವಿ ಹತ್ತಿರ ಬಂದರು.

“ಅಳಿಯಾ, ಆ ‘ಬ’ ಮುಂದೆ ಒಂಚೂರು ತಿದ್ದಿದ್ರೆ ಗೊತ್ತಾಗುತ್ತಾ? ಪೆನ್ ಇದ್ರೆ ಕೊಡು.”